ನಾಯಿಯ ಕಣ್ಣಿನ ಮೇಲೆ ಗಂಟು ಕಂಡಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ನಾಯಿಯ ತಲೆ ಸವರುತ್ತಾ ಕೂತಿರುತ್ತೀರಿ. ರೆಪ್ಪೆಯ ಅಂಚಿನಲ್ಲಿ ಒಂದು ಸಣ್ಣ ಗುಳ್ಳೆ ಕಣ್ಣಿಗೆ ಬೀಳುತ್ತದೆ. ನಿನ್ನೆ ಇತ್ತಾ, ಇವತ್ತು ಬಂತಾ ಗೊತ್ತಾಗುವುದಿಲ್ಲ. ಎದೆ ಧಸಕ್ ಎನ್ನುತ್ತದೆ. ಹೀಗೆ ಗಾಬರಿಯಾದವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಇದನ್ನು ಓದಿ ಗಂಟು ಯಾವುದೆಂದು ನೀವೇ ತೀರ್ಮಾನಿಸಬೇಡಿ. ಪಶುವೈದ್ಯರ ಮುಂದೆ ಕೂತಾಗ ಅವರು ಹೇಳುವುದು ಅರ್ಥವಾಗಲಿ, ಕೇಳಬೇಕಾದ್ದನ್ನು ಕೇಳಲು ಬರಲಿ ಎಂದು ಬರೆದಿದ್ದೇನೆ.

ಇದು ಕ್ಯಾನ್ಸರಾ?

ಗಂಟು ಎಲ್ಲಿದೆ ಎನ್ನುವುದು ಮೊದಲ ಸುಳಿವು. ವಯಸ್ಸಾದ ನಾಯಿಯ ರೆಪ್ಪೆಯ ಅಂಚಿನಲ್ಲಿದ್ದರೆ ಕ್ಯಾನ್ಸರ್ ಅಲ್ಲದಿರುವ ಸಾಧ್ಯತೆಯೇ ಹೆಚ್ಚು. ನಾಯಿಗಳ ರೆಪ್ಪೆಯ ಗಡ್ಡೆಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು, ಕೆಲವು ಲೆಕ್ಕದಲ್ಲಿ ಇನ್ನೂ ಜಾಸ್ತಿ, ಬೇರೆ ಕಡೆಗೆ ಹರಡದ ಸಾದಾ ಗಡ್ಡೆಗಳು. ಬೆಕ್ಕಿನಲ್ಲಿ ಇದು ಉಲ್ಟಾ. ಮನೆಯಲ್ಲಿ ಎರಡೂ ಇದ್ದರೆ ನಾಯಿಯ ಅನುಭವವನ್ನು ಬೆಕ್ಕಿಗೆ ಅನ್ವಯಿಸಬೇಡಿ.

ಗಂಟು ಕಣ್ಣುಗುಡ್ಡೆಯ ಮೇಲೋ, ರೆಪ್ಪೆಯ ಒಳಗಿನ ಗುಲಾಬಿ ಪೊರೆಯ ಮೇಲೋ ಇದ್ದರೆ ಅಷ್ಟು ಧೈರ್ಯವಾಗಿ ಹೇಳಲಾಗದು. ಅಲ್ಲಿ ಸಾದಾ ಗಡ್ಡೆಯೂ ಬರುತ್ತದೆ, ಕ್ಯಾನ್ಸರೂ ಬರುತ್ತದೆ. ಎಷ್ಟೋ ಸಲ ನೋಡಲು ಎರಡೂ ಒಂದೇ ಥರ ಇರುತ್ತವೆ.

ಕಣ್ಣಿನ ಮೇಲ್ಮೈ ಅಂದರೆ ಯಾವ ಯಾವ ಭಾಗ?

ರೆಪ್ಪೆಯ ಅಂಚು ಒಂದು. ರೆಪ್ಪೆಯ ಒಳಮೈಯನ್ನೂ ಬಿಳಿಗುಡ್ಡೆಯನ್ನೂ ಹೊದ್ದಿರುವ ತೆಳುವಾದ ಪೊರೆ ಇನ್ನೊಂದು, ಅದು ಕಂಜಂಕ್ಟೈವಾ. ಕಣ್ಣಿನ ಮುಂದೆ ಗಾಜಿನಂತಿರುವುದು ಕಾರ್ನಿಯಾ. ಕಾರ್ನಿಯಾ ಮುಗಿದು ಬಿಳಿಗುಡ್ಡೆ ಶುರುವಾಗುವ ಉಂಗುರದಂಥ ಗಡಿಗೆ ಲಿಂಬಸ್ ಎನ್ನುತ್ತಾರೆ. ಇವಲ್ಲದೆ ನಾಯಿಗೆ ಮೂರನೇ ರೆಪ್ಪೆಯೂ ಇದೆ. ಮೂಗಿನ ಪಕ್ಕದ ಮೂಲೆಯಲ್ಲಿ ಅಡಗಿಕೊಂಡು, ನಾಯಿಗೆ ನಿದ್ದೆ ಬಂದಾಗ ಅರ್ಧ ಕಣ್ಣನ್ನು ಮುಚ್ಚುತ್ತದಲ್ಲ, ಅದೇ.

ಈ ಐದು ಹೆಸರು ನೆನಪಿದ್ದರೆ ಸಾಕು. ಒಂದೊಂದು ಜಾಗದಲ್ಲಿ ಬರುವ ಗಡ್ಡೆಯ ಸ್ವಭಾವ ಒಂದೊಂದು ಥರ.

ರೆಪ್ಪೆಯ ಗಂಟು ಅಪಾಯವಿಲ್ಲದ್ದು ಅಂತೀರಿ. ಹಾಗಿದ್ದರೆ ಯಾಕೆ ತೆಗೆಸಬೇಕು?

ಅತಿ ಹೆಚ್ಚು ಜನ ತಡ ಮಾಡುವುದು ಇಲ್ಲೇ. ಅದಕ್ಕೇ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ರೆಪ್ಪೆಯ ಅಂಚಿನೊಳಗೆ ಸಾಲಾಗಿ ಪುಟ್ಟ ಎಣ್ಣೆ ಗ್ರಂಥಿಗಳಿವೆ. ಮೈಬೋಮಿಯನ್ ಗ್ರಂಥಿ ಎಂದು ಅವುಗಳ ಹೆಸರು. ಕಣ್ಣೀರು ಬೇಗ ಆರಿಹೋಗದಂತೆ ಮೇಲೊಂದು ಎಣ್ಣೆಯ ಪದರ ಹಾಸುವುದು ಅವುಗಳ ಕೆಲಸ. ನಾಯಿಯ ರೆಪ್ಪೆಯಲ್ಲಿ ಅತಿ ಹೆಚ್ಚಾಗಿ ಕಾಣುವ ಗಡ್ಡೆ ಹುಟ್ಟುವುದು ಇವುಗಳಿಂದಲೇ. ಗುಲಾಬಿ, ಬೂದು ಅಥವಾ ಕಪ್ಪು ಬಣ್ಣ ಇರುತ್ತದೆ, ಮೇಲ್ಮೈ ಒರಟಾಗಿರುತ್ತದೆ. ಕಪ್ಪಗಿದೆ ಎಂದ ಮಾತ್ರಕ್ಕೆ ಕೆಟ್ಟದ್ದೇನಲ್ಲ. ಆದರೆ ನಿಮಗೆ ಹೊರಗೆ ಕಾಣುವುದು ಅದರ ತುದಿ ಅಷ್ಟೇ. ರೆಪ್ಪೆಯನ್ನು ಮಡಚಿ ನೋಡಿದರೆ ಒಳಗಡೆ ಅದಕ್ಕಿಂತ ಅಗಲವಾಗಿ ಹಬ್ಬಿರುತ್ತದೆ.

ಕಣ್ಣು ಮಿಟುಕಿಸಿದ ಪ್ರತಿ ಸಲ ಆ ಒರಟು ಗಂಟು ಕಾರ್ನಿಯಾದ ಮೇಲೆ ಉಜ್ಜುತ್ತದೆ. ನಮ್ಮ ಕಣ್ಣಿಗೆ ಒಂದು ಮರಳಿನ ಕಣ ಬಿದ್ದರೆ ಐದು ನಿಮಿಷ ತಡೆಯಲು ಆಗುವುದಿಲ್ಲ, ಅಲ್ವಾ? ನಾಯಿ ತಿಂಗಳುಗಟ್ಟಲೆ ಅದನ್ನು ಸಹಿಸಿಕೊಂಡಿರುತ್ತದೆ. ಮೊದಲು ನೀರು ಸುರಿಯುತ್ತದೆ, ಆಮೇಲೆ ಗೀಜು ಕಟ್ಟುತ್ತದೆ, ಕಣ್ಣು ಕೆಂಪಾಗುತ್ತದೆ. ಒಂದು ದಿನ ಕಾರ್ನಿಯಾದ ಮೇಲೆ ಹುಣ್ಣಾಗುತ್ತದೆ. ಗಡ್ಡೆ ಸಾದಾ ಆದರೂ ಹುಣ್ಣು ಸಾದಾ ಅಲ್ಲ. ಆಳಕ್ಕಿಳಿದರೆ ದೃಷ್ಟಿಯೇ ಹೋಗಬಹುದು.

ಇನ್ನೊಂದು ಕಾರಣ ಲೆಕ್ಕದ್ದು. ಗಂಟು ರೆಪ್ಪೆಯ ಉದ್ದದ ಮೂರನೇ ಒಂದು ಭಾಗಕ್ಕಿಂತ ಚಿಕ್ಕದಾಗಿದ್ದರೆ, ಅದನ್ನು ತ್ರಿಕೋನಾಕಾರದಲ್ಲಿ ಕತ್ತರಿಸಿ, ಎರಡೂ ಅಂಚನ್ನು ಸೇರಿಸಿ ಹೊಲಿಯಬಹುದು. ಅಷ್ಟೇ ಕೆಲಸ. ಗಾಯ ಮಾಗಿದ ಮೇಲೆ ಎಲ್ಲಿತ್ತು ಎಂದು ಹುಡುಕಬೇಕಾಗುತ್ತದೆ. ಆ ಅಳತೆ ದಾಟಿತೋ, ಪಕ್ಕದ ಚರ್ಮವನ್ನು ಎಳೆದು ತಂದು ಹೊಸ ರೆಪ್ಪೆಯನ್ನೇ ಕಟ್ಟಬೇಕು. ಆಪರೇಷನ್ ದೊಡ್ಡದು, ಮಾಗಲು ಜಾಸ್ತಿ ದಿನ, ಕೂದಲು ಕಣ್ಣಿಗೆ ಚುಚ್ಚುವಂಥ ತೊಂದರೆಗಳೂ ಬರಬಹುದು. ಒಂದೇ ಗಂಟು, ಒಂದೇ ನಾಯಿ. ಬೇಗ ತೋರಿಸಿದ್ದಕ್ಕೂ ತಡವಾಗಿ ತೋರಿಸಿದ್ದಕ್ಕೂ ಇಷ್ಟು ವ್ಯತ್ಯಾಸ. "ಇನ್ನೂ ಚಿಕ್ಕದಿದೆ, ದೊಡ್ಡದಾದರೆ ನೋಡೋಣ" ಎಂಬ ಮಾತು ರೆಪ್ಪೆಯ ವಿಷಯದಲ್ಲಿ ಪೂರ್ತಿ ತಲೆಕೆಳಗು.

ಸ್ವಲ್ಪ ದಿನ ಕಾದು ನೋಡುವುದು ಯಾವಾಗಲೂ ತಪ್ಪಾ?

ಇಲ್ಲ. ವೈದ್ಯರು ನೋಡಿ, ಕಾರ್ನಿಯಾಕ್ಕೆ ತಾಗುತ್ತಿಲ್ಲ, ಹುಣ್ಣಿಲ್ಲ, ಬೆಳೆಯುವ ಲಕ್ಷಣವೂ ಇಲ್ಲ ಎಂದರೆ ಕಾಯಬಹುದು. ತುಂಬಾ ವಯಸ್ಸಾದ, ಬೇರೆ ಕಾಯಿಲೆಗಳಿಂದ ಬಳಲುತ್ತಿರುವ ನಾಯಿಯಲ್ಲಿ ಅದೇ ಸರಿಯಾದ ನಿರ್ಧಾರವೂ ಆಗಬಹುದು. ಆದರೆ ಕಾಯುವುದು ಎಂದರೆ ಮರೆತುಬಿಡುವುದಲ್ಲ. ಎರಡು ವಾರಕ್ಕೊಮ್ಮೆ ಅದೇ ಜಾಗದಲ್ಲಿ, ಅದೇ ಬೆಳಕಿನಲ್ಲಿ ಒಂದು ಫೋಟೋ ತೆಗೆದಿಡಿ. ದಿನಾ ನೋಡುವ ಕಣ್ಣಿಗೆ ನಿಧಾನವಾಗಿ ಆಗುವ ಬದಲಾವಣೆ ಗೊತ್ತಾಗುವುದಿಲ್ಲ.

ನಮ್ಮದು ಇನ್ನೂ ಚಿಕ್ಕ ವಯಸ್ಸಿನ ನಾಯಿ. ಅದಕ್ಕೂ ಗಂಟು ಬರುತ್ತಾ?

ಬರುತ್ತದೆ, ಬೇರೆ ಥರದ್ದು. ಎಳೆಯ ನಾಯಿಗಳಲ್ಲಿ ಕೆಂಪಗೆ, ಗುಂಡಗೆ, ಕೂದಲಿಲ್ಲದ ಗುಂಡಿಯಂಥ ಗಂಟು ದಿಢೀರನೆ ಏಳಬಹುದು. ಹಿಸ್ಟಿಯೋಸೈಟೋಮಾ ಎಂದು ಅದಕ್ಕೆ ಹೆಸರು. ಬಂದ ವೇಗ ನೋಡಿ ಮನೆಯವರು ಹೆದರಿಬಿಡುತ್ತಾರೆ, ಆದರೆ ಬಹಳಷ್ಟು ಸಲ ಎರಡು ಮೂರು ತಿಂಗಳಲ್ಲಿ ತಾನಾಗಿಯೇ ಕರಗಿಹೋಗುತ್ತದೆ. ವೈರಸ್‌ನಿಂದ ಬರುವ ನರುಲಿಗಳೂ ಹಾಗೆಯೇ. ದೇಹಕ್ಕೆ ಆ ವೈರಸ್ ಎದುರಿಸುವ ಶಕ್ತಿ ಬಂದ ಮೇಲೆ ಉದುರುತ್ತವೆ. ಆ ನರುಲಿಗಳು ಒಂದು ನಾಯಿಯಿಂದ ಇನ್ನೊಂದಕ್ಕೆ ಹರಡಬಹುದು, ಮನುಷ್ಯರಿಗೆ ಬರುವುದಿಲ್ಲ.

ಕಣ್ಣಿನ ಬಿಳಿ ಭಾಗದ ಅಂಚಿನಲ್ಲಿ ಕಪ್ಪು ಉಬ್ಬು ಇದೆ. ತುಂಬಾ ಹೆದರಿಕೆಯಾಗಿದೆ.

ಕಪ್ಪು ಗಡ್ಡೆ ಎಂದ ಕೂಡಲೇ ಮೆಲನೋಮಾ ಎಂಬ ಕ್ಯಾನ್ಸರಿನ ಹೆಸರು ಕೇಳುತ್ತದೆ, ಮನುಷ್ಯರ ಚರ್ಮದ ಮೆಲನೋಮಾ ನೆನಪಾಗಿ ಕೈಕಾಲು ತಣ್ಣಗಾಗುತ್ತದೆ. ನಾಯಿಯ ಲಿಂಬಸ್‌ನಲ್ಲಿ ಬರುವ ಕಪ್ಪು ಗಡ್ಡೆ ಹಾಗಲ್ಲ. ಅದನ್ನು ಈಗ ಮೆಲನೋಸೈಟೋಮಾ ಎನ್ನುತ್ತಾರೆ, ಸಾಮಾನ್ಯವಾಗಿ ದೇಹಕ್ಕೆ ಹರಡುವುದಿಲ್ಲ. ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ತಳಿಗಳಲ್ಲಿ ಹೆಚ್ಚು ಕಾಣುತ್ತದೆ. ಬಹುತೇಕ ಕಣ್ಣಿನ ಮೇಲ್ಭಾಗದಲ್ಲೇ ಹುಟ್ಟುವುದರಿಂದ ಮೇಲಿನ ರೆಪ್ಪೆಯ ಹಿಂದೆ ಅವಿತಿರುತ್ತದೆ. ರೆಪ್ಪೆ ಎತ್ತಿ ನೋಡಿದವರಿಗೆ ಮಾತ್ರ ಬೇಗ ಸಿಗುತ್ತದೆ.

ವಯಸ್ಸು ಇಲ್ಲಿ ಮುಖ್ಯ. ಎರಡರಿಂದ ನಾಲ್ಕು ವರ್ಷದ ನಾಯಿಯಲ್ಲಿ ಬಂದರೆ ಅದು ಬೆಳೆಯುತ್ತಾ ಹೋಗುತ್ತದೆ, ಕಾರ್ನಿಯಾದ ಮೇಲೂ ಒಳಗಡೆಗೂ ನುಗ್ಗುತ್ತದೆ. ಅಂಥಲ್ಲಿ ಕಾಯದೆ ಚಿಕಿತ್ಸೆ ಕೊಡುವುದು ಒಳ್ಳೆಯದು. ಎಂಟು ಹತ್ತು ವರ್ಷ ದಾಟಿದ ನಾಯಿಯಲ್ಲಿ ಬಹಳ ನಿಧಾನ. ಅಳತೆ ಬರೆದಿಟ್ಟುಕೊಂಡು, ಕೆಲವು ತಿಂಗಳಿಗೊಮ್ಮೆ ನೋಡುತ್ತಾ ಇದ್ದರೆ ಸಾಕಾಗಬಹುದು.

ಒಂದು ವಿಷಯವನ್ನು ಮಾತ್ರ ಖಚಿತಪಡಿಸಿಕೊಳ್ಳಲೇಬೇಕು. ಈ ಗಡ್ಡೆ ಹೊರಗೇ ಹುಟ್ಟಿದ್ದಾ, ಇಲ್ಲಾ ಕಣ್ಣಿನ ಒಳಗೆ ಹುಟ್ಟಿ ಗೋಡೆ ಕೊರೆದುಕೊಂಡು ಹೊರಗೆ ಬಂದಿದ್ದಾ? ಒಳಗಿಂದ ಬಂದದ್ದಾದರೆ ಕಥೆಯೇ ಬೇರೆ. ವಿಶೇಷ ಲೆನ್ಸ್ ಇಟ್ಟು ಕಣ್ಣಿನ ಒಳಗಿನ ಕೋನ ನೋಡುವುದು, ಕಣ್ಣಿನ ಅಲ್ಟ್ರಾಸೌಂಡ್ ಮಾಡುವುದು ಇದಕ್ಕಾಗಿಯೇ.

ಇನ್ನೂ ಒಂದು ಎಚ್ಚರಿಕೆ. ಕಪ್ಪು ಗಂಟು ಲಿಂಬಸ್‌ನಲ್ಲಿರದೆ ಮೂರನೇ ರೆಪ್ಪೆಯ ಮೇಲೋ, ರೆಪ್ಪೆಯ ಒಳಗಿನ ಕಂಜಂಕ್ಟೈವಾದ ಮೇಲೋ ಇದ್ದರೆ, ಮೇಲೆ ಹೇಳಿದ ಸಮಾಧಾನ ಅಲ್ಲಿಗೆ ಸಲ್ಲುವುದಿಲ್ಲ. ಅಲ್ಲಿನ ಮೆಲನೋಮಾ ನಿಜವಾಗಿಯೂ ಕೆಟ್ಟದ್ದು. ತೆಗೆದ ಮೇಲೂ ಮತ್ತೆ ಬರುವ ಸ್ವಭಾವದ್ದು. ಬಣ್ಣ ಒಂದೇ, ಜಾಗ ಒಂದು ಸೆಂಟಿಮೀಟರ್ ಆಚೀಚೆ, ಆದರೆ ಸ್ವಭಾವ ಬೇರೆ.

ಬಿಳಿಗುಡ್ಡೆಯ ಮೇಲೆ ರಕ್ತದ ಹನಿಯಂಥ ಕೆಂಪು ಗಂಟು ಇದೆ. ಏನಿದು?

ಪೆಟ್ಟಿನಿಂದ ರಕ್ತ ಹೆಪ್ಪುಗಟ್ಟಿದ್ದರೆ ಒಂದೆರಡು ವಾರದಲ್ಲಿ ಮಾಯವಾಗುತ್ತದೆ. ಹೋಗದೆ ಉಳಿದರೆ, ಉಬ್ಬುತ್ತಾ ಬಂದರೆ, ರಕ್ತನಾಳದಿಂದ ಹುಟ್ಟಿದ ಗಡ್ಡೆ ಇರಬಹುದು. ಇದರಲ್ಲಿ ಎರಡು ಬಗೆ. ಹೀಮ್ಯಾಂಜಿಯೋಮಾ ಸಾದಾ, ಹೀಮ್ಯಾಂಜಿಯೋಸಾರ್ಕೋಮಾ ಕ್ಯಾನ್ಸರ್. ಬರಿಗಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಇವು ಸಾಮಾನ್ಯವಾಗಿ ಎಲ್ಲಿ ಬರುತ್ತವೆ ಗೊತ್ತಾ? ಕಿವಿಯ ಕಡೆಗಿನ ಬಿಳಿಗುಡ್ಡೆಯಲ್ಲಿ, ಮತ್ತು ಮೂರನೇ ರೆಪ್ಪೆಯ ಅಂಚಿನಲ್ಲಿ. ಅದರಲ್ಲೂ ಅಂಚಿಗೆ ಕಪ್ಪು ಬಣ್ಣವಿಲ್ಲದೆ ಬೆಳ್ಳಗಿರುವ ನಾಯಿಗಳಲ್ಲಿ. ಬಿಸಿಲು ನೇರವಾಗಿ ಬೀಳುವ ಜಾಗಗಳು ಇವು. ಸೂರ್ಯನ ಅಲ್ಟ್ರಾವಯೊಲೆಟ್ ಕಿರಣಕ್ಕೂ ಈ ಗಡ್ಡೆಗೂ ನಂಟಿದೆ.

ಗುಲ್ಮದಲ್ಲಿ ಬರುವ ಹೀಮ್ಯಾಂಜಿಯೋಸಾರ್ಕೋಮಾ ನಾಯಿಗಳನ್ನು ಬಹಳ ಬೇಗ ಬಲಿ ತೆಗೆದುಕೊಳ್ಳುವ ಕಾಯಿಲೆ. ಅದರ ಬಗ್ಗೆ ಓದಿದವರು ಕಣ್ಣಿನ ರಿಪೋರ್ಟ್‌ನಲ್ಲಿ ಅದೇ ಹೆಸರು ಕಂಡು ಕುಸಿದುಹೋಗುತ್ತಾರೆ. ದಯವಿಟ್ಟು ಸ್ವಲ್ಪ ತಾಳಿ. ಕಣ್ಣಿನ ಮೇಲ್ಮೈಯಲ್ಲೇ ಹುಟ್ಟಿದ್ದು, ಚಿಕ್ಕದಿದ್ದಾಗಲೇ ಪೂರ್ತಿ ತೆಗೆದದ್ದು ಆದರೆ ಫಲಿತಾಂಶ ಎಷ್ಟೋ ಪಾಲು ಚೆನ್ನಾಗಿರುತ್ತದೆ. ಅದೇ ಜಾಗದಲ್ಲಿ ಮತ್ತೆ ಬರುವ ಭಯ ಮಾತ್ರ ಇದ್ದೇ ಇದೆ. ಬೇರೆಲ್ಲೂ ಇಲ್ಲ ಎಂದು ನೋಡಿಕೊಳ್ಳಲು ಎದೆಯ ಎಕ್ಸ್‌ರೇ, ಹೊಟ್ಟೆಯ ಸ್ಕ್ಯಾನ್ ಮಾಡಿಸುವುದು ವಿವೇಕ.

ಮೂರನೇ ರೆಪ್ಪೆಯ ಹತ್ತಿರ ಗುಲಾಬಿ ಉಬ್ಬು ಬಂದಿದೆ. ಇದು ಚೆರ್ರಿ ಐ ತಾನೇ?

ನಾಯಿಯ ವಯಸ್ಸೆಷ್ಟು? ಎರಡು ವರ್ಷದ ಒಳಗಿದ್ದರೆ ಬಹುಶಃ ಹೌದು. ಚೆರ್ರಿ ಐ ಎಂದರೆ ಮೂರನೇ ರೆಪ್ಪೆಯ ಕಣ್ಣೀರಿನ ಗ್ರಂಥಿ ಜಾರಿ ಹೊರಗೆ ಬರುವುದು. ಗಡ್ಡೆಯಲ್ಲ. ಗ್ರಂಥಿಯನ್ನು ಒಳಗೆ ಕೂರಿಸಿ ಹೊಲಿಯಬೇಕು, ಕತ್ತರಿಸಿ ಎಸೆಯಬಾರದು. ಕಣ್ಣೀರಿನ ಮೂರನೇ ಒಂದು ಭಾಗ, ಕೆಲವೊಮ್ಮೆ ಅದಕ್ಕೂ ಜಾಸ್ತಿ, ಅಲ್ಲಿಂದಲೇ ಬರುತ್ತದೆ.

ಹತ್ತು ವರ್ಷದ ನಾಯಿಗೆ ಮೊದಲ ಸಲ ಇಂಥ ಉಬ್ಬು ಬಂದರೆ ಚೆರ್ರಿ ಐ ಎಂದು ಸುಮ್ನೆ ಬಿಡಬೇಡಿ. ಅದೇ ಗ್ರಂಥಿಯಲ್ಲಿ ಕ್ಯಾನ್ಸರ್ ಹುಟ್ಟುವುದುಂಟು. ಆಗ ಮೂರನೇ ರೆಪ್ಪೆಯನ್ನೇ ಪೂರ್ತಿ ತೆಗೆಯಬೇಕಾಗುತ್ತದೆ. ಆಮೇಲೆ ಕಣ್ಣು ಒಣಗಬಹುದು. ಅದಕ್ಕೆ ಜೀವನಪೂರ್ತಿ ಡ್ರಾಪ್ಸ್ ಬೇಕಾಗಬಹುದು ಎಂದು ಮೊದಲೇ ತಿಳಿದಿರಲಿ.

ಪಗ್ ನಾಯಿಯ ಕಾರ್ನಿಯಾದ ಮೇಲೆ ಒರಟಾದ ಗುಲಾಬಿ ಪದರ. ಡ್ರಾಪ್ಸ್ ಹಾಕಿದರೂ ಹೋಗುತ್ತಿಲ್ಲ.

ಚಪ್ಪಟೆ ಮುಖದ ತಳಿಗಳಲ್ಲಿ, ಅಂದರೆ ಪಗ್, ಬುಲ್‌ಡಾಗ್‌ನಂಥವುಗಳಲ್ಲಿ, ಕಣ್ಣು ಮುಂದಕ್ಕೆ ಚಾಚಿಕೊಂಡಿರುತ್ತದೆ. ಪೂರ್ತಿ ಮುಚ್ಚುವುದಿಲ್ಲ, ಬೇಗ ಒಣಗುತ್ತದೆ, ಮೂಗಿನ ಮಡಿಕೆಯ ಕೂದಲು ತಾಗುತ್ತದೆ. ವರ್ಷಗಟ್ಟಲೆ ಹೀಗೆ ಉರಿಯುತ್ತಲೇ ಇರುವ ಕಾರ್ನಿಯಾದ ಮೇಲೆ ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ ಎಂಬ ಕ್ಯಾನ್ಸರ್ ಹುಟ್ಟಬಹುದು. ಅಪರೂಪ, ಆದರೆ ಮೋಸ ಮಾಡುವಂಥದ್ದು. ಮಾಗದ ಹುಣ್ಣಿನಂತೆಯೋ, ಹಳೆಯ ಗಾಯದ ಮಾಂಸದಂತೆಯೋ ಕಾಣುತ್ತದೆ. ಚಿಕಿತ್ಸೆ ಕೊಟ್ಟರೂ ಮಾಗದ, ದಪ್ಪಗಾಗುತ್ತಲೇ ಹೋಗುವ ಪದರದಿಂದ ಒಂದು ಮಾದರಿ ತೆಗೆದು ನೋಡಲೇಬೇಕು.

ನಾಯಿಯ ಕಾರ್ನಿಯಾದ ದಪ್ಪ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಕ್ಯಾನ್ಸರ್ ಮೇಲಿನ ಪದರದಲ್ಲೇ ಇದ್ದಾಗ ಅದನ್ನು ತೆಳುವಾಗಿ ಹೆರೆದು ತೆಗೆದು, ದೃಷ್ಟಿ ಉಳಿಸಬಹುದು. ಆಳಕ್ಕಿಳಿದ ಮೇಲೆ ಹೆರೆಯಲು ಉಳಿಯುವುದೇನು?

ಒಣಕಣ್ಣಿಗೆ ಸೈಕ್ಲೋಸ್ಪೋರಿನ್ ಅಥವಾ ಟ್ಯಾಕ್ರೋಲಿಮಸ್ ಹಾಕುತ್ತಿದ್ದ ನಾಯಿಗಳಲ್ಲೂ ಈ ಕ್ಯಾನ್ಸರ್ ಕಂಡಿದೆ ಎಂದು ಓದಿ, ಆ ಔಷಧಿಯನ್ನು ನೀವಾಗಿ ನಿಲ್ಲಿಸಬೇಡಿ. ಒಣಕಣ್ಣನ್ನು ಹಾಗೇ ಬಿಟ್ಟರೆ ಕಣ್ಣು ಉರಿಯುತ್ತಲೇ ಇರುತ್ತದೆ, ಅದೂ ಕೆಟ್ಟದ್ದೇ. ಔಷಧಿ ಮುಂದುವರಿಸಿ, ತಪ್ಪದೆ ಕಣ್ಣು ತೋರಿಸುತ್ತಿರಿ.

ಗಡ್ಡೆಯಂತೆ ಕಂಡರೂ ಗಡ್ಡೆ ಅಲ್ಲದ್ದು ಏನೇನಿರುತ್ತದೆ?

ಚೆರ್ರಿ ಐ ಬಗ್ಗೆ ಹೇಳಿದೆ. ರೆಪ್ಪೆಯ ಎಣ್ಣೆ ಗ್ರಂಥಿ ಕಟ್ಟಿಕೊಂಡು ಊದಿದರೆ ಗಂಟಿನಂತೆಯೇ ಕಾಣುತ್ತದೆ. ಕಾಲಿ (Collie) ಎಂಬ ತಳಿಯ ನಾಯಿಗಳಲ್ಲಿ, ಕೆಲವೊಮ್ಮೆ ಬೇರೆ ತಳಿಗಳಲ್ಲೂ, ರೋಗನಿರೋಧಕ ಶಕ್ತಿಯ ಎಡವಟ್ಟಿನಿಂದ ಬಿಳಿಗುಡ್ಡೆಯ ಮೇಲೆ ಗುಲಾಬಿ ಗಂಟುಗಳು ಏಳುತ್ತವೆ. ಅವು ಔಷಧಿಗೆ ಬಗ್ಗುತ್ತವೆ, ಕತ್ತರಿ ಬೇಡ. ಹುಟ್ಟುವಾಗಲೇ ಕಣ್ಣಿನ ಮೇಲೆ ಕೂದಲಿರುವ ಚರ್ಮದ ತುಣುಕು ಇರುವ ಮರಿಗಳೂ ಇವೆ. ಅದು ಡರ್ಮಾಯ್ಡ್.

ಇವುಗಳಲ್ಲಿ ಒಂದು ಮಾತ್ರ ತುರ್ತಿನದು. ಕಣ್ಣಿಗೆ ಪೆಟ್ಟಾದ ಮೇಲೆ, ಅಥವಾ ಹುಣ್ಣಿದ್ದ ಜಾಗದಲ್ಲಿ, ದಿಢೀರನೆ ಕಪ್ಪು ಅಥವಾ ಕಂದು ಗುಳ್ಳೆ ಕಂಡರೆ ಅದು ಗಡ್ಡೆಯಲ್ಲ. ಕಾರ್ನಿಯಾ ತೂತಾಗಿ ಕಣ್ಣಿನ ಒಳಗಿನ ಭಾಗ ಹೊರಗೆ ಬಂದಿರಬಹುದು. ಮುಟ್ಟಬೇಡಿ, ಒರೆಸಬೇಡಿ, ನಾಯಿಗೆ ಉಜ್ಜಿಕೊಳ್ಳಲು ಬಿಡಬೇಡಿ. ಆ ಗಳಿಗೆಯಲ್ಲೇ ಹೊರಡಿ.

ವೈದ್ಯರು ಏನೇನು ಪರೀಕ್ಷೆ ಮಾಡುತ್ತಾರೆ? ನೋವಾಗುತ್ತಾ?

ಬಹುತೇಕ ಪರೀಕ್ಷೆಗಳಿಗೆ ನೋವಿಲ್ಲ. ಮೊದಲು ಸಣ್ಣ ಕಾಗದದ ಪಟ್ಟಿಯನ್ನು ಕೆಳರೆಪ್ಪೆಗೆ ಸಿಕ್ಕಿಸಿ ಕಣ್ಣೀರು ಅಳೆಯುತ್ತಾರೆ. ಒಂದು ನಿಮಿಷದಲ್ಲಿ 15 ಮಿಲಿಮೀಟರ್ ಅಥವಾ ಹೆಚ್ಚು ಒದ್ದೆಯಾದರೆ ಸರಿ. ಆಮೇಲೆ ಫ್ಲೋರೆಸೀನ್ ಎಂಬ ಬಣ್ಣ ಹಾಕುತ್ತಾರೆ. ಹುಣ್ಣಿದ್ದರೆ ಆ ಜಾಗ ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತದೆ. ಮೂಗಿನಿಂದ ಹಸಿರು ನೀರು ಬಂದರೆ ಗಾಬರಿಯಾಗಬೇಡಿ, ಕಣ್ಣೀರಿನ ನಾಳ ಸರಿ ಇದೆ ಎಂದರ್ಥ. ಕಣ್ಣಿನ ಒತ್ತಡ ನೋಡುತ್ತಾರೆ. ಸ್ಲಿಟ್ ಲ್ಯಾಂಪ್ ಎಂಬ ದೊಡ್ಡದಾಗಿ ತೋರಿಸುವ ಯಂತ್ರದಿಂದ ಗಂಟು ಎಲ್ಲಿಂದ ಹುಟ್ಟಿದೆ, ಎಷ್ಟು ಆಳಕ್ಕಿದೆ ಎಂದು ನೋಡುತ್ತಾರೆ. ದವಡೆಯ ಕೆಳಗಿನ ದುಗ್ಧರಸ ಗ್ರಂಥಿಗಳನ್ನು (ಲಿಂಫ್ ನೋಡ್) ಬೆರಳಿನಿಂದ ಮುಟ್ಟಿ ನೋಡುತ್ತಾರೆ. ಅಲ್ಲಿ ಊದಿಕೊಂಡಿದ್ದರೆ ಅಲ್ಲಿಂದಲೂ ಸೂಜಿಯಲ್ಲಿ ಮಾದರಿ ತೆಗೆಯುತ್ತಾರೆ. ಗಡ್ಡೆ ಕಣ್ಣಿನ ಹಿಂದಕ್ಕೂ ಹೋಗಿರುವ ಅನುಮಾನವಿದ್ದರೆ ಸಿಟಿ ಸ್ಕ್ಯಾನ್ ಹೇಳಬಹುದು.

ಸೂಜಿ ಪರೀಕ್ಷೆ ಸಾಕಾ, ಬಯಾಪ್ಸಿ ಬೇಕಾ? ತುಂಡು ತೆಗೆದರೆ ಕ್ಯಾನ್ಸರ್ ಹರಡುತ್ತಂತಲ್ಲ?

ಸೂಜಿಯಲ್ಲಿ ಸಿಗುವುದು ಬಿಡಿ ಬಿಡಿ ಕೋಶಗಳು. ಮಾಸ್ಟ್ ಸೆಲ್ ಗಡ್ಡೆ (ಅಲರ್ಜಿಯಲ್ಲಿ ಕೆಲಸ ಮಾಡುವ ಕೋಶಗಳ ಗಡ್ಡೆ), ಲಿಂಫೋಮಾ (ಒಂದು ಬಗೆಯ ಬಿಳಿ ರಕ್ತಕಣಗಳ ಕ್ಯಾನ್ಸರ್) ಇಂಥವನ್ನು ಹಿಡಿಯಲು ಅದು ಒಳ್ಳೆಯ ದಾರಿ. ಆದರೆ ಗಡ್ಡೆ ಎಷ್ಟು ಆಳಕ್ಕೆ ನುಗ್ಗಿದೆ ಎಂಬುದನ್ನು ಅದು ಹೇಳುವುದಿಲ್ಲ. ಅದಕ್ಕೆ ತುಂಡೇ ಬೇಕು. ಗಂಟು ಪುಟ್ಟದಾಗಿದ್ದರೆ ಎರಡು ಸಲ ಮಾಡುವ ಬದಲು ಪೂರ್ತಿ ತೆಗೆದು ಲ್ಯಾಬ್‌ಗೆ ಕಳಿಸುತ್ತಾರೆ. ಪರೀಕ್ಷೆಯೂ ಆಯಿತು, ಚಿಕಿತ್ಸೆಯೂ ಆಯಿತು.

ಸರಿಯಾಗಿ ಮಾಡಿದ ಬಯಾಪ್ಸಿಯಿಂದ ಕ್ಯಾನ್ಸರ್ ಹರಡುತ್ತದೆ ಎಂಬ ಭಯಕ್ಕೆ ಆಧಾರ ಕಡಿಮೆ. ಏನೆಂದು ಗೊತ್ತಿಲ್ಲದೆ ತಿಂಗಳುಗಟ್ಟಲೆ ಬಿಡುವುದೇ ದೊಡ್ಡ ಅಪಾಯ.

ತೆಗೆದ ಗಂಟನ್ನು ಲ್ಯಾಬ್‌ಗೆ ಕಳಿಸದೆ ಎಸೆಯಲು ದಯವಿಟ್ಟು ಒಪ್ಪಬೇಡಿ, ಎಷ್ಟೇ ಸಾದಾ ಕಂಡರೂ. ಖರ್ಚು ಉಳಿಸಲು ಹೋಗಿ ಕಳೆದುಕೊಳ್ಳುವುದು ಜಾಸ್ತಿ. ರಿಪೋರ್ಟ್ ಬಂದಾಗ ಎರಡು ವಿಷಯ ಕೇಳಿ: ಇದು ಯಾವ ಗಡ್ಡೆ? ಕತ್ತರಿಸಿದ ಅಂಚುಗಳಲ್ಲಿ ಗಡ್ಡೆಯ ಕೋಶ ಉಳಿದಿದೆಯಾ? ಬೆನ್ನಿನ ಮೇಲಿನ ಗಡ್ಡೆಯಾದರೆ ಸುತ್ತ ಎರಡು ಸೆಂಟಿಮೀಟರ್ ಹೆಚ್ಚಿಗೆ ಕತ್ತರಿಸಬಹುದು. ಕಣ್ಣಿನಲ್ಲಿ ಆ ಜಾಗ ಎಲ್ಲಿದೆ? ಹಾಗಾಗಿ ಅಂಚಿನ ಪ್ರಶ್ನೆ ಇಲ್ಲಿ ಇನ್ನೂ ಮುಖ್ಯ.

ಮನೆಯಲ್ಲಿ ಹಳೆಯ ಕಣ್ಣಿನ ಡ್ರಾಪ್ಸ್ ಇದೆ. ವೈದ್ಯರಿಗೆ ತೋರಿಸುವವರೆಗೆ ಹಾಕಬಹುದಾ?

ಬೇಡ. ಎಷ್ಟೋ ಡ್ರಾಪ್ಸ್‌ಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಗಂಟು ಉಜ್ಜಿ ಹುಣ್ಣಾಗಿದ್ದರೆ ಸ್ಟೀರಾಯ್ಡ್ ಕಾರ್ನಿಯಾವನ್ನು ಕರಗಿಸುತ್ತಾ ಆ ಹುಣ್ಣನ್ನು ಆಳಕ್ಕಿಳಿಸಬಹುದು. ಕೆಂಪು ಕಡಿಮೆಯಾಗಿ ವಾಸಿಯಾದಂತೆ ಕಾಣುತ್ತದೆ, ಒಳಗೆ ಹುಣ್ಣು ಬೆಳೆಯುತ್ತಿರುತ್ತದೆ. ಗಂಟಿಗೆ ದಾರ ಕಟ್ಟುವುದು, ಚಿವುಟುವುದು, ನರುಲಿಗೆ ಹಚ್ಚುವ ಔಷಧಿ ಹಚ್ಚುವುದು, ಸೊಪ್ಪಿನ ರಸ ಹಿಂಡುವುದು, ಯಾವುದೂ ಬೇಡ. ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ಗೀಜು ಒರೆಸಬಹುದು. ಅಷ್ಟು ಸಾಕು.

ಚಿಕಿತ್ಸೆಯಲ್ಲಿ ಯಾವ ಯಾವ ದಾರಿ ಇದೆ?

ಕತ್ತರಿಸಿ ತೆಗೆಯುವುದೇ ಮೊದಲ ದಾರಿ. ರೆಪ್ಪೆಯದನ್ನು ಆಗಲೇ ಹೇಳಿದೆ. ಲಿಂಬಸ್‌ನ ಗಡ್ಡೆ ತೆಗೆದಾಗ ಕಣ್ಣಿನ ಗೋಡೆ ತೆಳುವಾಗುತ್ತದೆ. ಅಲ್ಲಿ ಬೇರೆ ಕಡೆಯಿಂದ ತಂದ ತೇಪೆ ಹೊಲಿಯುತ್ತಾರೆ.

ಎರಡನೆಯದು ಕ್ರಯೋ, ಅಂದರೆ ಹೆಪ್ಪುಗಟ್ಟಿಸುವುದು. ಉಬ್ಬಿದ ಭಾಗವನ್ನು ಕತ್ತರಿಸಿ, ಬುಡವನ್ನು ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಅಥವಾ ಇನ್ನೂ ಕೆಳಗಿಳಿಸಿ ಹೆಪ್ಪುಗಟ್ಟಿಸುತ್ತಾರೆ. ಬೇಗ ಹೆಪ್ಪುಗಟ್ಟಬೇಕು, ನಿಧಾನವಾಗಿ ಕರಗಬೇಕು. ಒಂದೇ ಸಲ ಸಾಲದು, ಎರಡು ಮೂರು ಸುತ್ತು ಮಾಡುತ್ತಾರೆ. ಕೆಲವು ದಿನ ರೆಪ್ಪೆ ಚೆನ್ನಾಗಿ ಊದುತ್ತದೆ. ಆ ಜಾಗದ ಕೂದಲು, ಚರ್ಮ ಬೆಳ್ಳಗಾಗಬಹುದು. ನೋಡಲು ಬೇರೆ ಥರ ಅನಿಸುತ್ತದೆ, ತೊಂದರೆ ಏನಿಲ್ಲ. ಲೇಸರ್ ಕೂಡ ಇದೇ ರೀತಿ ಉಪಯೋಗಕ್ಕೆ ಬರುತ್ತದೆ, ಅದರಲ್ಲೂ ಲಿಂಬಸ್‌ನ ಕಪ್ಪು ಗಡ್ಡೆಗೆ.

ಸ್ಟ್ರಾಂಷಿಯಂ-90 ವಿಕಿರಣ ಇನ್ನೊಂದು. ಇದು ನನಗೆ ತುಂಬಾ ಇಷ್ಟವಾದ ಚಿಕಿತ್ಸೆ. ಪೆನ್ನಿನಂಥ ಸಾಧನದ ತುದಿಯನ್ನು ಗಡ್ಡೆ ತೆಗೆದ ಜಾಗಕ್ಕೆ ಸ್ವಲ್ಪ ಹೊತ್ತು ತಾಗಿಸಿ ಹಿಡಿಯುತ್ತಾರೆ. ಅದರ ಬೀಟಾ ಕಿರಣದ ಬಹುಪಾಲು ಶಕ್ತಿ ಮೇಲಿನ ಒಂದೆರಡು ಮಿಲಿಮೀಟರ್‌ನಲ್ಲೇ ಮುಗಿಯುತ್ತದೆ. ಉಳಿದ ಕೋಶ ಸಾಯುತ್ತದೆ, ಕಣ್ಣಿನ ಒಳಭಾಗ ಬಹುಮಟ್ಟಿಗೆ ಸುರಕ್ಷಿತ. ದುರದೃಷ್ಟವಶಾತ್ ಇದು ಕೆಲವೇ ದೊಡ್ಡ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ.

ಕೆಲವು ಗಡ್ಡೆಗಳಿಗೆ ಮೈಟೋಮೈಸಿನ್‌ನಂಥ ಕ್ಯಾನ್ಸರ್ ಔಷಧಿಯನ್ನು ಕಣ್ಣಿಗೇ ಹಾಕುವುದುಂಟು. ಅದು ಕಣ್ಣಿನ ತಜ್ಞರ ಕೈಯಲ್ಲೇ ನಡೆಯಬೇಕು.

ಮನುಷ್ಯರ ಚರ್ಮದ ಕ್ಯಾನ್ಸರ್ ಕ್ರೀಮ್ ಹಚ್ಚಬಹುದಾ?

ಖಂಡಿತಾ ಬೇಡ. 5-ಫ್ಲೋರೋಯುರಾಸಿಲ್ ಇರುವ ಕ್ರೀಮ್ ನಾಯಿಯ ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಕುತ್ತು. ಟ್ಯೂಬ್ ಕಚ್ಚಿದರೆ ಕೆಲವೇ ಗಂಟೆಗಳಲ್ಲಿ ವಾಂತಿ, ಫಿಟ್ಸ್ ಶುರುವಾಗಬಹುದು. ಮನೆಯಲ್ಲಿ ಯಾರಾದರೂ ಈ ಕ್ರೀಮ್ ಬಳಸುತ್ತಿದ್ದರೆ ಬೀರುವಿನೊಳಗೆ ಇಡಿ, ಹಚ್ಚಿದ ಜಾಗವನ್ನು ನಾಯಿ ನೆಕ್ಕದಂತೆ ನೋಡಿಕೊಳ್ಳಿ.

ಹದಿಮೂರು ವರ್ಷದ ನಾಯಿಗೆ ಅರಿವಳಿಕೆ ಕೊಡುವುದು ಸರಿಯಾ?

ವಯಸ್ಸೊಂದೇ ಕಾರಣಕ್ಕೆ ಬೇಡ ಎನ್ನಬೇಕಾಗಿಲ್ಲ. ರಕ್ತಪರೀಕ್ಷೆ ಮಾಡಿ ಕಿಡ್ನಿ, ಲಿವರ್ ನೋಡುತ್ತಾರೆ, ಹೃದಯ ಕೇಳುತ್ತಾರೆ. ಸರಿಯಿದ್ದರೆ ಚಿಕ್ಕ ಆಪರೇಷನ್ ಮಾಡಬಹುದು. ಇಲ್ಲದಿದ್ದರೆ ಸ್ವಲ್ಪ ಮಂಪರು ಬರಿಸಿ, ಆ ಜಾಗಕ್ಕೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಗಂಟು ಕತ್ತರಿಸಿ ಕ್ರಯೋ ಮಾಡುವ ದಾರಿಯಿದೆ. ಪೂರ್ತಿ ಕತ್ತರಿಸಿದ್ದಕ್ಕಿಂತ ಮತ್ತೆ ಬರುವ ಸಾಧ್ಯತೆ ಸ್ವಲ್ಪ ಜಾಸ್ತಿ. ಅಷ್ಟು ವಯಸ್ಸಿನ ನಾಯಿಗೆ ಇರುವಷ್ಟು ದಿನ ಕಣ್ಣು ಚುಚ್ಚದೆ ಇರುವುದೇ ದೊಡ್ಡದು ಎನ್ನುವುದು ನನ್ನ ಅಭಿಪ್ರಾಯ.

ಆಪರೇಷನ್ ಆದ ಮೇಲೆ ಮನೆಯಲ್ಲಿ ಏನು ಮಾಡಬೇಕು?

ಕುತ್ತಿಗೆಗೆ ಕೋನ್ ಹಾಕಿದ್ದನ್ನು ತೆಗೆಯಬೇಡಿ. ಪಾಪ ಎನಿಸುತ್ತದೆ, ನಿಜ. ಆದರೆ ಕಾಲಿನಿಂದ ಒಂದೇ ಒಂದು ಸಲ ಕೆರೆದುಕೊಂಡರೆ ಹೊಲಿಗೆ ಬಿಚ್ಚಿ ರೆಪ್ಪೆ ಸೊಟ್ಟಗೆ ಮಾಗುತ್ತದೆ. ಹೊಲಿಗೆ ಬಿಚ್ಚುವವರೆಗೆ, ಅಂದರೆ 10ರಿಂದ 14 ದಿನ, ಹಗಲೂ ರಾತ್ರಿ ಇರಲಿ. ಒಂದಕ್ಕಿಂತ ಜಾಸ್ತಿ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಿ, ಮುಲಾಮು ಇದ್ದರೆ ಕೊನೆಗೆ ಹಾಕಿ. ನಾಯಿಯ ಹಿಂದೆ ನಿಂತು, ಗಲ್ಲ ಎತ್ತಿ, ಮೇಲಿನಿಂದ ಹನಿ ಬಿಡಿ. ಎದುರಿನಿಂದ ಬಾಟಲಿ ಬರುವುದು ಕಂಡರೆ ಅದು ತಲೆ ತಿರುಗಿಸುತ್ತದೆ.

ಕಣ್ಣು ಬಿಗಿಯಾಗಿ ಮುಚ್ಚಿಕೊಂಡರೆ, ಹಳದಿ ಹಸಿರು ಕೀವು ಬಂದರೆ, ಕಾರ್ನಿಯಾ ನೀಲಿ ಬಿಳಿಯಾಗಿ ಮಬ್ಬಾದರೆ ಅಪಾಯಿಂಟ್‌ಮೆಂಟ್ ದಿನಕ್ಕೆ ಕಾಯದೆ ಅವತ್ತೇ ತೋರಿಸಿ.

ಮತ್ತೆ ಬರುತ್ತಾ?

ರೆಪ್ಪೆಯ ಸಾದಾ ಗಡ್ಡೆಯನ್ನು ಪೂರ್ತಿ ತೆಗೆದಿದ್ದರೆ ಅದೇ ಜಾಗದಲ್ಲಿ ಬರುವುದು ಕಡಿಮೆ. ಪಕ್ಕದ ಇನ್ನೊಂದು ಗ್ರಂಥಿಯಲ್ಲಿ ಹೊಸದು ಹುಟ್ಟಬಹುದು. ಕಂಜಂಕ್ಟೈವಾದ ಮೆಲನೋಮಾ, ಹೀಮ್ಯಾಂಜಿಯೋಸಾರ್ಕೋಮಾ ಮರುಕಳಿಸುವಂಥವು. ಇವುಗಳಿಗೆ ಮೊದಲ ವರ್ಷ ಮೂರು ತಿಂಗಳಿಗೊಮ್ಮೆಯಾದರೂ ತೋರಿಸಿ.

ಬಾರದಂತೆ ತಡೆಯಬಹುದಾ?

ಹೆಚ್ಚಿನವನ್ನು ಇಲ್ಲ. ನೀವು ಏನೋ ತಪ್ಪು ಮಾಡಿದಿರಿ ಎಂದು ಕೊರಗಬೇಡಿ. ಕಣ್ಣಿನ ಸುತ್ತ ಬಿಳಿ ಚರ್ಮವಿರುವ ನಾಯಿಯನ್ನು ನಡುಮಧ್ಯಾಹ್ನದ ಬಿಸಿಲಿನಲ್ಲಿ ಗಂಟೆಗಟ್ಟಲೆ ಬಿಡದಿದ್ದರೆ ಒಳ್ಳೆಯದು. ಒಣಕಣ್ಣಿದ್ದರೆ ಅದರ ಔಷಧಿ ತಪ್ಪಿಸಬೇಡಿ. ತಿಂಗಳಿಗೊಮ್ಮೆ ಎರಡೂ ಕಣ್ಣಿನ ರೆಪ್ಪೆ ಎತ್ತಿ, ಕೆಳಕ್ಕೆಳೆದು ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಮರಿಯಾಗಿದ್ದಾಗಿನಿಂದ ರೂಢಿಯಾದ ನಾಯಿ ಸುಮ್ನೆ ಕೂತು ತೋರಿಸುತ್ತದೆ.

ಕಣ್ಣನ್ನೇ ತೆಗೆಯಬೇಕು ಅಂದಿದ್ದಾರೆ. ಹೇಗೆ ಒಪ್ಪಿಕೊಳ್ಳುವುದು?

ಗಡ್ಡೆ ಕಣ್ಣಿನೊಳಗೆ ನುಗ್ಗಿದಾಗ, ಅಥವಾ ದೃಷ್ಟಿ ಹೋಗಿ ನೋವು ಮಾತ್ರ ಉಳಿದಾಗ ಈ ಮಾತು ಬರುತ್ತದೆ. ತಜ್ಞರೊಬ್ಬರ ಎರಡನೇ ಅಭಿಪ್ರಾಯ ಕೇಳುವುದು ನಿಮ್ಮ ಹಕ್ಕು. ವೈದ್ಯರು ಬೇಸರ ಮಾಡಿಕೊಳ್ಳುವುದಿಲ್ಲ. ಇಬ್ಬರೂ ಅದನ್ನೇ ಹೇಳಿದರೆ ಮುಂದೂಡಬೇಡಿ.

ಕಷ್ಟ ಜಾಸ್ತಿ ಆಗುವುದು ನಮಗೆ. ನಾಯಿ ಕನ್ನಡಿ ನೋಡಿಕೊಂಡು ಅಳುವುದಿಲ್ಲ. ಅದು ಜಗತ್ತನ್ನು ತಿಳಿಯುವುದೇ ಹೆಚ್ಚಾಗಿ ಮೂಗಿನಿಂದ, ಕಿವಿಯಿಂದ. ತಿಂಗಳುಗಟ್ಟಲೆ ಕಾಡಿದ ನೋವು ಹೋದ ಮೇಲೆ, ಮಂಕಾಗಿ ಮೂಲೆಯಲ್ಲಿ ಮಲಗಿದ್ದ ನಾಯಿ ಮತ್ತೆ ಚೆಂಡು ತಂದು ಕಾಲಿನ ಬಳಿ ಹಾಕುವುದನ್ನು ನೋಡಿದವರು ಎಷ್ಟೋ ಜನ. ಮೊದಲ ಕೆಲವು ವಾರ ಮೆಟ್ಟಿಲ ಹತ್ತಿರ ಜೊತೆಗಿರಿ. ಪೀಠೋಪಕರಣಗಳ ಜಾಗ ಬದಲಿಸಬೇಡಿ. ಕಣ್ಣಿಲ್ಲದ ಕಡೆಯಿಂದ ಹತ್ತಿರ ಹೋಗುವಾಗ ಮೊದಲು ಹೆಸರು ಕೂಗಿ, ಆಮೇಲೆ ಮುಟ್ಟಿ.